ಸೈಕಲ್ಲಿನ ಮೇಲೆ ಸಹ್ಯಾದ್ರಿ

ಮುಂಬಯಿಯಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಘಟ್ಟವೆಂದರೆ ನಿದ್ದೆಯಲ್ಲಿ ದಾಟಿಹೋಗುವ ಒಂದು ಕತ್ತಲೆ. ರಾತ್ರಿಯ ಗಾಡಿ ಹತ್ತುತ್ತೇವೆ, ಬುತ್ತಿ ಬಿಚ್ಚಿ ಉಣ್ಣುತ್ತೇವೆ, ಮಲಗುತ್ತೇವೆ. ಬೆಳಗಾಗುವಷ್ಟರಲ್ಲಿ ಊರ ಕಡೆಯ ಬಯಲು ಕಾಣಿಸುತ್ತದೆ. ನಡುವೆ ಬೋರ್ ಘಾಟ ಬಂತೋ ಹೋಯಿತೋ ತಿಳಿಯದು. ಅಲ್ಲಿ ಚಕ್ಕಡಿ ಓಡಾಡುವ ರಸ್ತೆಯಾದದ್ದು 1830ರಲ್ಲಿ, ರೈಲು ಏರಿದ್ದು 1863ರಲ್ಲಿ. ಅದಕ್ಕಿಂತ ಮೊದಲು ಈ ಬೆಟ್ಟಗಳನ್ನು ಹತ್ತಿ ಇಳಿಯುವುದೇ ಒಂದು ಪ್ರಯಾಣವಾಗಿತ್ತು. ಕರಾವಳಿಯ ಬಂಧುಗಳ ಮಾತೂ ಹೀಗೆಯೇ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಬೆಟ್ಟವೆಂಬುದು ಅವರಿಗೆ ಸುರಂಗದ ಸದ್ದಾಗಿ ಉಳಿದಿದೆ.

ಊರಿಗೂ ನಮಗೂ ನಡುವೆ ನಿಂತಿರುವ ಈ ಬೆಟ್ಟವನ್ನು ಒಮ್ಮೆಯಾದರೂ ಎಚ್ಚರವಾಗಿದ್ದು ನೋಡಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಮೋಟಾರಿನಲ್ಲಿ ಹೋದರೆ ಬೆಟ್ಟ ಕಿಟಕಿಯ ಆಚೆಯೇ ಉಳಿಯುತ್ತದೆ. ನಡೆದು ಹೋಗಲು ಕಚೇರಿಯ ರಜೆ ಸಾಲದು. ಇವೆರಡರ ನಡುವಿನ ವಾಹನ ಸೈಕಲ್ಲು. ಹೀಗಾಗಿ ಕಳೆದ ಚಳಿಗಾಲದಲ್ಲಿ ಐದು ದಿನಗಳ ರಜೆ ಪಡೆದು, ಒಬ್ಬನೇ, ಕೊಂಕಣದ ತಗ್ಗಿನಿಂದ ಮಹಾಬಳೇಶ್ವರಕ್ಕೆ ಏರಿ, ಆಚೆ ವಾಯಿಗೆ ಇಳಿದು ಸಾತಾರೆ ಸೇರಿ ಬಂದೆನು. ನನಗಿಂತ ಗಟ್ಟಿಗರು ಇದನ್ನು ಎರಡೇ ದಿನಗಳಲ್ಲಿ ಮಾಡಿಯಾರು. ಪರಾಕ್ರಮ ತೋರಿಸಲು ನಾನು ಹೊರಟವನಲ್ಲ. ನಮ್ಮ ಮಂದಿಯೂ ಹೋಗಿ ನೋಡಬಹುದಾದ ದಾರಿಯಿದು ಎಂದು ಹೇಳುವುದಷ್ಟೇ ಈ ಲೇಖನದ ಉದ್ದೇಶ.

ಮುಂಬಯಿಯ ಸೈಕಲ್ಲು ವೀರರು

"ಒಬ್ಬರೇ ಯಾಕೆ?" ಎಂಬುದು ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ. ನನ್ನ ಉತ್ತರ ಸಾದಾ ಆಗಿತ್ತು. ಜೊತೆಗಾರನಿದ್ದರೆ ಒಂದೋ ಅವನ ವೇಗಕ್ಕೆ ನಾನು ಓಡಬೇಕು, ಇಲ್ಲವೇ ನನ್ನ ವೇಗಕ್ಕೆ ಅವನು ಕಾಯಬೇಕು. ಏರಿನಲ್ಲಿ ಪ್ರತಿಯೊಬ್ಬನ ಎದೆಗೂ ಅದರದೇ ತಾಳವಿರುತ್ತದೆ. ಅದೂ ಅಲ್ಲದೆ, ಇಬ್ಬರು ಹೋದರೆ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಒಬ್ಬನೇ ಹೋದವನನ್ನು ಊರವರು ಮಾತಾಡಿಸುತ್ತಾರೆ. ಮನೆಯವರು ಮೂರು ಷರತ್ತು ಹಾಕಿದರು: ಕತ್ತಲಾದ ಮೇಲೆ ಗಾಡಿ ಹೊಡೆಯಕೂಡದು, ಸಂಜೆ ತಂಗುವ ಜಾಗದಿಂದ ಫೋನು ಮಾಡಬೇಕು, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಬೇಕು. ಮೂರೂ ಒಳ್ಳೆಯ ಷರತ್ತುಗಳೇ. ಮೂರನ್ನೂ ಪಾಲಿಸಿದೆನು.

ಈ ನಗರಕ್ಕೆ ಸೈಕಲ್ಲು ಸಾಹಸ ಹೊಸದೇನಲ್ಲ. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲು ಹತ್ತಿ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರ ಮಾರ್ಚ್ 18ರಂದು ಮರಳಿ ಬಂದರು. 1924ರಲ್ಲಿ ಫ್ರಾಮ್ರೋಜ್ ದಾವರ್ ಎಂಬುವರು ಒಬ್ಬರೇ ಹೊರಟರು. ವಿಯೆನ್ನಾದಲ್ಲಿ ಅವರಿಗೆ ಗುಸ್ತಾವ್ ಎಂಬ ಆಸ್ಟ್ರಿಯದ ಜೊತೆಗಾರ ದೊರೆತನು. ಇಬ್ಬರೂ ಕೂಡಿ 1931ರವರೆಗೆ ಸಹಾರಾ ಮರಳುಗಾಡನ್ನೂ ಆಂಡೀಸ್ ಪರ್ವತಗಳನ್ನೂ ಅಮೆಜಾನಿನ ಕಾಡನ್ನೂ ದಾಟಿದರು. ಇದು ಗಂಡಸರಿಗೇ ಮೀಸಲೆಂದು ಯಾರಾದರೂ ಅಂದುಕೊಂಡರೆ ಅವರಿಗೆ ಐರ್ಲೆಂಡಿನ ಡೆರ್ವ್ಲಾ ಮರ್ಫಿಯವರ ಹೆಸರನ್ನು ಹೇಳಬೇಕು. 1963ರ ಕಡುಚಳಿಯಲ್ಲಿ ಈ ಹೆಣ್ಣುಮಗಳು ಒಬ್ಬಳೇ ಸೈಕಲ್ಲಿನ ಮೇಲೆ ಯುರೋಪಿನಿಂದ ಹೊರಟು, ಅಫಘಾನಿಸ್ತಾನದ ಬೆಟ್ಟಗಳನ್ನು ದಾಟಿ, ದಿಲ್ಲಿಯನ್ನು ಮುಟ್ಟಿದಳು. ಇವರೆಲ್ಲರ ಎದುರು ಮಹಾಬಳೇಶ್ವರದ ಏರು ಎಷ್ಟರದು! ಆದರೆ ಏರುವ ಕಾಲಿಗೆ ಈ ಲೆಕ್ಕಾಚಾರ ತಿಳಿಯುವುದಿಲ್ಲ.

ನಗರದಿಂದ ಹೊರಬೀಳುವ ಬಗೆ

ಮುಂಬಯಿಯಿಂದ ಸೈಕಲ್ಲು ಹೊರಬೀಳುವುದೇ ಒಂದು ಸಮಸ್ಯೆ. ಪುಣೆಯ ದ್ರುತಗತಿ ಮಾರ್ಗದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯ ಮೇಲೂ ಇಲ್ಲ. ವಾಶಿಯ ಖಾಡಿಯ ಸೇತುವೆ ದಾಟಿ ಪನವೇಲಿನ ಮೇಲೆ ಹೋಗಬಹುದು. ಆದರೆ ಲಾರಿಗಳ ನಡುವೆ ಅರ್ಧ ದಿನ ಕಳೆದುಹೋಗುತ್ತದೆ. ನಾನು ಹಿಡಿದದ್ದು ನೀರಿನ ದಾರಿ. ಮಾಝಗಾವಿನ ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ 2020ರಿಂದ ಮೋಟಾರುಗಳನ್ನೂ ಸಾಗಿಸುವ ದೊಡ್ಡ ಹಡಗು ಓಡಾಡುತ್ತದೆ. ಅದರಲ್ಲಿ ಸೈಕಲ್ಲಿಗೂ ಜಾಗವುಂಟು. ಒಂದು ಗಂಟೆಯಲ್ಲಿ ಆಚೆ ದಡ! ಹಿಂದೆ ತಿರುಗಿ ನೋಡಿದರೆ ನಮ್ಮ ನಗರ ನೀರಿನ ಮೇಲೆ ನಿಂತ ಬೂದಿಬಣ್ಣದ ಗೆರೆಯಂತೆ ಕಾಣುತ್ತದೆ.

ಮಾಂಡ್ವಾದಿಂದ ಅಲಿಬಾಗ, ಅಲಿಬಾಗದಿಂದ ರೋಹಾ, ಕೋಲಾಡ, ಮಾಣಗಾವು. ಮೊದಲ ದಿನ ಹೀಗೆ ಸುಮಾರು ನೂರು ಕಿಲೋಮೀಟರು. ಗದ್ದೆ, ಅಡಿಕೆ ತೋಟ, ಕೆಂಪು ಹಂಚಿನ ಮನೆಗಳು. ನಮ್ಮ ಉತ್ತರ ಕನ್ನಡದವರು ಕಂಡರೆ ಇದು ಕುಮಟೆಯೋ ಹೊನ್ನಾವರವೋ ಎಂದು ಅರೆಗಳಿಗೆ ಭ್ರಮಿಸಿಯಾರು. ಏರಿಳಿತ ಇದ್ದರೂ ದೊಡ್ಡದಲ್ಲ. ಆದರೆ ದಿನವಿಡೀ ಮೂಡಣ ದಿಕ್ಕಿನಲ್ಲಿ ಬೆಟ್ಟದ ಸಾಲೊಂದು ಜೊತೆಗೇ ಬರುತ್ತಿರುತ್ತದೆ. ಮುಂದೆ ಹೋದಂತೆಲ್ಲ ಅದು ಇನ್ನಷ್ಟು ಎತ್ತರವಾದಂತೆ ತೋರುತ್ತದೆ. ರಾತ್ರಿ ಮಾಣಗಾವಿನ ಒಂದು ಸಾಧಾರಣ ವಸತಿಗೃಹದಲ್ಲಿ ಮಲಗಿದಾಗ ಕಾಲಿಗಿಂತ ಹೆಚ್ಚಾಗಿ ಅಂಗೈ ನೋಯುತ್ತಿತ್ತು.

ಎರಡನೆಯ ದಿನ ಮಹಾಡ. ಅಲ್ಲಿಯ ಚವದಾರ್ ಕೆರೆಯ ಬಳಿ ಇಳಿದು ಸ್ವಲ್ಪ ಹೊತ್ತು ನಿಂತೆನು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರನ್ನು ಕರೆದೊಯ್ದು, ಎಲ್ಲರಂತೆ ತಮಗೂ ಹಕ್ಕಿದೆಯೆಂದು ಈ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಬಾಯಾರಿ ಬಂದವನಿಗೆ ನೀರಿನ ಬೆಲೆ ತಿಳಿದಿರುತ್ತದೆ. ನೀರಿಗೂ ಹೋರಾಡಬೇಕಾಗಿ ಬಂದವರ ನೆನಪು ಅಂಥ ಹೊತ್ತಿನಲ್ಲಿ ಬೇರೆಯೇ ರೀತಿಯಲ್ಲಿ ಮನಸ್ಸನ್ನು ತಟ್ಟುತ್ತದೆ.

ಮಹಾಡದ ಪಕ್ಕದಲ್ಲೇ ಸಾವಿತ್ರಿ ನದಿ. 2016ರ ಆಗಸ್ಟ್ 2ರ ರಾತ್ರಿ ಈ ನದಿಯ ಮೇಲಿನ ಬ್ರಿಟಿಷರ ಕಾಲದ ಸೇತುವೆ ಮಹಾಪೂರದಲ್ಲಿ ಕುಸಿದು, ಎರಡು ಬಸ್ಸುಗಳು ಕೊಚ್ಚಿಹೋದುದನ್ನು ಓದುಗರು ಮರೆತಿರಲಾರರು. ನಾನು ಕಂಡ ಸಾವಿತ್ರಿ ಕಲ್ಲುಗಳ ನಡುವೆ ಮಲಗಿದ್ದ ತೆಳ್ಳನೆಯ ನೀರು. ಇಷ್ಟು ಸಾಧುವಾದ ಹೊಳೆ ಅಷ್ಟು ಉಗ್ರವಾದದ್ದು ಹೇಗೆ? ಇದಕ್ಕೆ ಉತ್ತರ ಮೇಲೆ ಬೆಟ್ಟದಲ್ಲಿತ್ತು.

ಪೋಲಾದಪುರದ ಚಹದ ಅಂಗಡಿ

ಘಟ್ಟದ ಬುಡದ ಊರು ಪೋಲಾದಪುರ. ಅಲ್ಲಿಗೆ ಮಧ್ಯಾಹ್ನಕ್ಕೇ ಮುಟ್ಟಿ ಉಳಿದ ಹೊತ್ತು ವಿಶ್ರಾಂತಿಗೆಂದು ಇಟ್ಟುಕೊಂಡಿದ್ದೆನು. ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಮುದುಕರೊಬ್ಬರು ಸೈಕಲ್ಲನ್ನು ನೋಡಿ ಮಾತು ತೆಗೆದರು. ಅವರು ಮೊದಲು ಮುಂಬಯಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದವರು. 1982ರ ಜನವರಿಯಲ್ಲಿ ಆರಂಭವಾದ ಮಹಾ ಮುಷ್ಕರದ ತರುವಾಯ ಊರಿಗೆ ಬಂದವರು ಇಲ್ಲಿಯೇ ಉಳಿದರು. ಮಕ್ಕಳು ಮಾತ್ರ ಮತ್ತೆ ಮುಂಬಯಿ ಸೇರಿದ್ದಾರೆ. "ನಮ್ಮ ಹಳ್ಳಿಗಳಲ್ಲಿ ಈಗ ಮುದುಕರು, ಬೀಗಗಳು. ಗಣಪತಿ ಹಬ್ಬಕ್ಕೆ ಮಾತ್ರ ಬೀಗ ತೆಗೆಯುತ್ತಾರೆ" ಎಂದರು.

ನಿಮ್ಮ ಊರು ಯಾವುದು ಎಂದು ಅವರು ಕೇಳಿದಾಗ ನಾನು ಉಳ್ಳದ್ದನ್ನೇ ಹೇಳಿದೆನು. ಬೀಳಗಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿ ನಮ್ಮ ಹಳ್ಳಿಯಿತ್ತು. ಆಲಮಟ್ಟಿಯ ಅಣೆಕಟ್ಟಿನ ನೀರು ಏರಿದಾಗ ಮುಳುಗಿತು. ನಾನಾಗ ಚಿಕ್ಕ ಹುಡುಗ. ಜನರಿಗೆ ಬೇರೆ ಕಡೆ ಪುನರ್ವಸತಿಯ ಜಾಗ ದೊರೆಯಿತು; ಆದರೆ ಮುಂಬಯಿಗೆ ಬಂದು ನೆಲೆಸಿದ್ದ ನಮ್ಮಂಥವರಿಗೆ ಬೇಸಿಗೆಯ ರಜೆಗೆ ಹೋಗುವ ಊರು ಅಲ್ಲಿಗೆ ಮುಗಿಯಿತು.

ಮುದುಕರು ಚಹದ ಬಟ್ಟಲು ಕೆಳಗಿಟ್ಟು ಹೇಳಿದರು: "ನಿಮ್ಮ ಊರನ್ನು ನೀರು ನುಂಗಿತು. ನಮ್ಮ ಊರನ್ನು ಮುಂಬಯಿ ನುಂಗಿತು."

ಆಮೇಲೆ ಚಹದ ಹಣ ಕೊಡಲು ನನ್ನನ್ನು ಬಿಡಲಿಲ್ಲ.

ಐದಾರು ರೊಟ್ಟಿಯ ಏರು

ಪೋಲಾದಪುರದಿಂದ ಮಹಾಬಳೇಶ್ವರಕ್ಕೆ ಆಂಬೇನಳಿ ಘಾಟಿನ ದಾರಿ ಸುಮಾರು 40 ಕಿಲೋಮೀಟರು. ಬುಡ ಸಮುದ್ರಮಟ್ಟಕ್ಕಿಂತ ಅಷ್ಟೇನೂ ಮೇಲಿಲ್ಲ. ತುದಿ ಸುಮಾರು 1,350 ಮೀಟರು ಎತ್ತರದಲ್ಲಿದೆ. ಅಂದರೆ ಪ್ರತಿ ನೂರು ಮೀಟರು ಮುಂದೆ ಹೋದರೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಮೇಲೇರಬೇಕು. ಕೇಳಲು ಇದು ಅಲ್ಪವೆನಿಸುತ್ತದೆ. ಗಂಟೆಗಟ್ಟಲೆ ಬಿಡದೆ ಏರುವಾಗ ಅಲ್ಪವಲ್ಲ.

ಏರಿನ ರಹಸ್ಯ ತೋಳ್ಬಲದಲ್ಲಿಲ್ಲ, ಹಲ್ಲುಗಳ ಲೆಕ್ಕದಲ್ಲಿದೆ. ನಮ್ಮ ತಂದೆಯವರ ಕಾಲದ ಕರಿಯ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಓಡುತ್ತಿತ್ತು. ಸಪಾಟಾದ ದಾರಿಗೆ ಅದು ಸರಿ. ಘಟ್ಟದಲ್ಲಿ ಮೊಣಕಾಲು ಮುರಿಯುತ್ತದೆ. ಗೇರುಗಳಿರುವ ಈಗಿನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಚಕ್ರವನ್ನೂ ಹಿಂದಿನ ದೊಡ್ಡ ಚಕ್ರವನ್ನೂ ಹೊಂದಿಸಿದರೆ ಒಂದು ಸುತ್ತಿಗೆ ಎರಡೇ ಮೀಟರು. ಅವಸರವಿಲ್ಲ, ಆದರೆ ಭಾರವೂ ಇಲ್ಲ. ಹೊರೆಹೊತ್ತ ಎತ್ತು ನಡೆದಂತೆ, ಗಂಟೆಗೆ ಆರೇಳು ಕಿಲೋಮೀಟರಿನಂತೆ ಹೋಗುತ್ತಿದ್ದರೆ ಬೆಟ್ಟ ತಾನಾಗಿ ಕೆಳಗೆ ಸರಿಯುತ್ತದೆ.

ಇನ್ನು ಹೊಟ್ಟೆಯ ಲೆಕ್ಕ. ನನ್ನ ದೇಹ, ಸೈಕಲ್ಲು, ಚೀಲ ಎಲ್ಲ ಕೂಡಿ ಸುಮಾರು 85 ಕಿಲೋ. ಇಷ್ಟನ್ನು 1,300 ಮೀಟರು ಎತ್ತಬೇಕಾದರೆ ದೇಹ ಸುಮಾರು 1,100 ಕ್ಯಾಲೊರಿ ಸುಡಬೇಕು. ನಾವು ತಿನ್ನುವುದರಲ್ಲಿ ಕಾಲುಭಾಗದಷ್ಟು ಮಾತ್ರ ಪೆಡಲಿಗೆ ಮುಟ್ಟುತ್ತದೆ. ಉಳಿದದ್ದು ಬೆವರೂ ಬಿಸಿಯೂ ಆಗಿ ಹೋಗುತ್ತದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಇದು ಐದಾರು ಜೋಳದ ರೊಟ್ಟಿಯ ಏರು. ಚೀಲದಲ್ಲಿ ಮನೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇದ್ದವು. ಪೇಟೆಯ ಶಕ್ತಿವರ್ಧಕ ಪೊಟ್ಟಣಗಳ ಅಗತ್ಯ ನನಗೆ ಕಾಣಿಸಲಿಲ್ಲ.

ಮೂರನೆಯ ದಿನ ಬೆಳಕು ಹರಿಯುತ್ತಲೇ ಏರತೊಡಗಿದೆನು. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ. ತಿರುವುಗಳಲ್ಲಿ ಬಸ್ಸು ಬಂದರೆ ಇಳಿದು ಗೋಡೆಗೆ ಒತ್ತಿ ನಿಲ್ಲುವುದೇ ಜಾಣತನ. 2018ರ ಜುಲೈ 28ರಂದು ದಾಪೋಲಿಯ ಕೃಷಿ ವಿದ್ಯಾಪೀಠದ ನೌಕರರನ್ನು ಹೊತ್ತ ಬಸ್ಸು ಈ ಘಾಟಿನಲ್ಲೇ ಆಳಕ್ಕೆ ಉರುಳಿ, ಒಬ್ಬರನ್ನುಳಿದು ಎಲ್ಲರೂ ತೀರಿಕೊಂಡರು. ನನ್ನಂತೆ ಕಚೇರಿಯ ಜನ; ರಜೆಯ ದಿನ ಮಳೆಗಾಲದ ಸೊಬಗು ನೋಡಲು ಹೊರಟಿದ್ದವರು. ಆ ಕಣಿವೆಯ ಅಂಚಿನಲ್ಲಿ ಸೈಕಲ್ಲು ತುಳಿಯುವಾಗ ಅವರ ನೆನಪು ಬರದೆ ಇರದು. ಹಗಲಲ್ಲೂ ದೀಪ ಉರಿಯಬೇಕೆಂದ ಮನೆಯವರ ಮಾತು ಅಲ್ಲಿ ಇನ್ನೊಮ್ಮೆ ಕೇಳಿಸಿದಂತಾಯಿತು.

ಅರ್ಧ ದಾರಿ ಮೀರಿದ ಮೇಲೆ ಪ್ರತಾಪಗಡದ ಕವಲು. 1659ರ ನವೆಂಬರ್ 10ರಂದು ಶಿವಾಜಿಯೂ ವಿಜಾಪುರದ ಸರದಾರ ಅಫಜಲಖಾನನೂ ಭೇಟಿಯಾದುದು, ಖಾನನು ಮಡಿದುದು ಇದೇ ಕೋಟೆಯ ಬುಡದಲ್ಲಿ. ಶಾಲೆಯಲ್ಲಿ ಇದನ್ನು ಹಲವು ಸಲ ಓದಿದ್ದೆನು. ವಾಯಿಯ ಬಯಲಿನಲ್ಲಿ ಬೀಡುಬಿಟ್ಟಿದ್ದ ಸೈನ್ಯವನ್ನು ಈ ಕಣಿವೆಯೊಳಕ್ಕೆ ಬರಮಾಡಿಕೊಂಡುದರ ಅರ್ಥ ಮಾತ್ರ ಏದುಸಿರು ಬಿಡುತ್ತ ಅಲ್ಲಿ ನಿಂತಾಗ ಹೊಳೆಯಿತು. ಬಯಲಿನ ಆನೆ ಕುದುರೆಗಳ ಬಲ ಇಂಥ ಕಾಡು ಕೊರಕಲಿನಲ್ಲಿ ಯಾವ ಉಪಯೋಗಕ್ಕೂ ಬಾರದು.

ಆ ಕವಲಿನಿಂದ ಮುಂದಿನ ಏರು ಇನ್ನೂ ಕಡಿದು. ಗಿಡಗಳು ದಟ್ಟವಾದವು, ಗಾಳಿ ತಣ್ಣಗಾಯಿತು. ನಾಲ್ಕೈದು ಕಡೆ ಇಳಿದು ದೂಡಿದೆನು. ಅದರಲ್ಲಿ ನಾಚಿಕೆಯೇನೂ ಇಲ್ಲ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ದಾರಿ ಸಮನಾಯಿತು. ಹಿಂದಿರುಗಿ ನೋಡಿದರೆ ಕೊಂಕಣವೆಲ್ಲ ಮಬ್ಬಿನಲ್ಲಿ ಕರಗಿತ್ತು.

ಐದು ನದಿಗಳ ಮನೆ

ಪೇಟೆಯ ಮಹಾಬಳೇಶ್ವರದಿಂದ ಆರು ಕಿಲೋಮೀಟರು ದೂರದಲ್ಲಿ ಕ್ಷೇತ್ರ ಮಹಾಬಳೇಶ್ವರವಿದೆ. ನಮ್ಮ ಗೋಕರ್ಣದ ಮಹಾಬಲೇಶ್ವರನ ಹೆಸರಿನವನೇ ಇಲ್ಲಿಯ ದೇವರು. ಪಕ್ಕದಲ್ಲಿ ಪಂಚಗಂಗಾ ದೇವಾಲಯ. ಕೃಷ್ಣಾ, ವೇಣ್ಣಾ, ಕೋಯನಾ, ಸಾವಿತ್ರಿ, ಗಾಯತ್ರಿ ಈ ಐದು ನದಿಗಳೂ ಇಲ್ಲಿ ಹುಟ್ಟುತ್ತವೆಂಬ ನಂಬಿಕೆ. ಕಲ್ಲಿನ ಗೋಮುಖದಿಂದ ನೀರು ಕುಂಡಕ್ಕೆ ಬೀಳುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಲ್ಲಿ ನಿಂತು ಈ ಹೆಸರುಗಳನ್ನು ಒಂದೊಂದಾಗಿ ಎಣಿಸಿದಾಗ ನಾನು ಬಂದ ದಾರಿಯ ಅರ್ಥವಾಯಿತು. ಎರಡು ದಿನ ನನ್ನ ಜೊತೆಗಿದ್ದ ಸಾವಿತ್ರಿಯೂ ನಮ್ಮೂರಿನ ಕೃಷ್ಣೆಯೂ ಒಂದೇ ಬೆಟ್ಟದ ಮಕ್ಕಳು. ಒಬ್ಬಳು ಪಡುವಣಕ್ಕೆ ಧುಮುಕಿ, ಹತ್ತಿರದಲ್ಲೇ ಇರುವ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಇನ್ನೊಬ್ಬಳಿಗೆ ಆ ಸಮುದ್ರ 64 ಕಿಲೋಮೀಟರು ದೂರವಿದ್ದರೂ ಅದರ ಕಡೆ ತಿರುಗದೆ, ಮೂಡಣಕ್ಕೆ ಸುಮಾರು 1,400 ಕಿಲೋಮೀಟರು ನಡೆದು ಬಂಗಾಲ ಕೊಲ್ಲಿಗೆ ಹೋಗುತ್ತಾಳೆ. ಹಾದಿಯಲ್ಲಿ ಚಿಕ್ಕೋಡಿ, ಜಮಖಂಡಿ, ಬೀಳಗಿ ಸೀಮೆಗಳಿಗೆ ನೀರುಣಿಸುತ್ತಾಳೆ.

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ. 2021ರ ಜುಲೈ 22-23ರಂದು ಇಪ್ಪತ್ತನಾಲ್ಕೇ ಗಂಟೆಗಳಲ್ಲಿ ಸುಮಾರು 600 ಮಿಲಿಮೀಟರು ಸುರಿಯಿತು. ಬಾಗಲಕೋಟೆಯ ಕಡೆ ಇಡೀ ವರ್ಷ ಕಾದರೆ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ! ಅದೇ ದಿನಗಳಲ್ಲಿ ಮಹಾಡ ತಾಲೂಕಿನ ತಳಿಯೆ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು; ನಾನು ಏರಿಬಂದ ಘಾಟಿನ ರಸ್ತೆಯೂ ಕಿತ್ತುಹೋಯಿತು. ಮೋಡ ಬೆಟ್ಟಕ್ಕೆ ತಾಗಿ ಇಲ್ಲಿಯೇ ಬರಿದಾಗುತ್ತದೆ. ಬೆಟ್ಟದ ಹಿಂದಿನ ನಮ್ಮ ಬಯಲಿಗೆ ಮೋಡ ಉಳಿಯುವುದಿಲ್ಲ, ನದಿ ಮಾತ್ರ ಬರುತ್ತದೆ. ಈ ಘಟ್ಟ ನಮ್ಮ ಪಾಲಿನ ಮಳೆಯನ್ನು ತಡೆದು, ಅದನ್ನೇ ಹೊಳೆಯಾಗಿಸಿ ಮರಳಿ ಕೊಡುತ್ತದೆ.

ಮುಂಬಯಿಗೂ ಊರಿಗೂ ನಡುವಿನ ಗೋಡೆಯೆಂದು ನಾನು ತಿಳಿದುಕೊಂಡಿದ್ದ ಬೆಟ್ಟ ನಮ್ಮೂರ ನೀರಿನ ಮೂಲವಾಗಿತ್ತು. ಹಳ್ಳಿ ಮುಳುಗಿದ ಮೇಲೆ ನಮಗೆ ಹೋಗಲು ಊರಿಲ್ಲ ಎಂದುಕೊಂಡಿದ್ದೆನು. ಆ ಹಳ್ಳಿಯನ್ನು ಮುಳುಗಿಸಿದ ನೀರೂ, ಅದಕ್ಕೂ ಮೊದಲು ತಲೆಮಾರುಗಳ ಕಾಲ ಅದನ್ನು ಸಾಕಿದ ನೀರೂ ಇಲ್ಲಿಂದಲೇ ಹೊರಟದ್ದು. ಗೋಮುಖದ ಕೆಳಗೆ ಬಾಟಲಿ ಹಿಡಿದು ತುಂಬಿಸಿಕೊಂಡೆನು.

ಇಳಿಜಾರು

ಅಲ್ಲಿಂದ ಪಾಂಚಗಣಿಯ ಮೂಲಕ ಪಸರಣಿ ಘಾಟಿನಲ್ಲಿ ವಾಯಿಗೆ ಇಳಿಯಬೇಕು. ಏರುವುದಕ್ಕಿಂತ ಇಳಿಯುವುದು ಸುಲಭವೆಂದು ಹೇಳುವವರು ಸೈಕಲ್ಲಿನಲ್ಲಿ ಘಟ್ಟ ಇಳಿದವರಲ್ಲ. ಕೆಲವೇ ಕಿಲೋಮೀಟರುಗಳಲ್ಲಿ 500 ಮೀಟರಿಗೂ ಹೆಚ್ಚು ಇಳಿಜಾರು. ಬ್ರೇಕನ್ನು ಒತ್ತಿ ಹಿಡಿದೇ ಇದ್ದರೆ ಚಕ್ರದ ಅಂಚು ಕಾದು ಟ್ಯೂಬು ಸಿಡಿಯಬಹುದು. ಹಿಂದಿನದನ್ನೂ ಮುಂದಿನದನ್ನೂ ಸರದಿಯಂತೆ ಒತ್ತಿ ಬಿಡಬೇಕು, ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು, ಆಗಾಗ ನಿಲ್ಲಿಸಿ ಗಾಡಿಯನ್ನು ಆರಲು ಬಿಡಬೇಕು.

ನಿಂತಲ್ಲೆಲ್ಲ ಕೆಳಗೆ ಧೋಮ್ ಜಲಾಶಯ ಹೊಳೆಯುತ್ತಿತ್ತು. ಹುಟ್ಟಿ ಇನ್ನೂ ಬೆಟ್ಟದ ಮಡಿಲು ಬಿಟ್ಟಿಲ್ಲ, ಆಗಲೇ ಕೃಷ್ಣೆಗೆ ಅಣೆಕಟ್ಟು! ಅದರ ಅಡಿಯಲ್ಲೂ ಯಾರದೋ ಹೊಲಗದ್ದೆ ಇದ್ದಿರಬೇಕು. ಅದರ ಕೆಳಗೆ ಹಸುರಾಗಿ ನಿಂತ ಕಬ್ಬೂ ಯಾರದೋ ಬಾಳು. ಎರಡನ್ನೂ ಒಂದೇ ನೋಟದಲ್ಲಿ ಕಂಡವನಿಗೆ ಸಿಟ್ಟಾಗಲು ಬಾರದು, ಮರೆಯಲೂ ಬಾರದು.

ವಾಯಿಯ ಕಲ್ಲಿನ ಸೋಪಾನದ ಮೇಲೆ, ಢೋಲ್ಯಾ ಗಣಪತಿಯ ಗುಡಿಯ ಹತ್ತಿರ ನದಿಗೆ ಕಾಲಿಳಿಬಿಟ್ಟು ಕುಳಿತು ಕೊನೆಯ ರೊಟ್ಟಿ ತಿಂದೆನು. ಮರುದಿನ ಸಾತಾರೆಯ ಬಳಿ, ಕೃಷ್ಣಾ ವೇಣ್ಣಾ ಕೂಡುವ ಸಂಗಮ ಮಾಹುಲಿಯನ್ನು ಕಂಡು, ರೈಲು ನಿಲ್ದಾಣದಲ್ಲಿ ಸೈಕಲ್ಲನ್ನು ಸಾಮಾನಿನ ಡಬ್ಬಿಗೆ ಒಪ್ಪಿಸಿ ಮುಂಬಯಿಯ ಗಾಡಿ ಹತ್ತಿದೆನು.

ಮನೆಗೆ ಬಂದು ಬಾಟಲಿಯನ್ನು ತಾಯಿಯವರ ಕೈಗೆ ಕೊಟ್ಟೆನು. ಹಳ್ಳಿ ಮುಳುಗಿದ ಮೇಲೆ ಅವರು ಆ ಕಡೆ ಒಮ್ಮೆಯೂ ಹೋಗಿಲ್ಲ, ಯಾರು ಕರೆದರೂ "ಏನು ನೋಡೂದೈತಿ ಅಲ್ಲಿ?" ಎನ್ನುತ್ತಿದ್ದರು. ನೀರನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಹೊಳಿ ಇಷ್ಟು ತಿಳಿ ಇತ್ತೇನು?" ಎಂದು ಕೇಳಿದರು. ದೇವರ ಮುಂದೆ ಇಡುತ್ತಾರೆಂದುಕೊಂಡಿದ್ದೆನು. ಎರಡು ಗುಟುಕು ಕುಡಿದು, ಉಳಿದುದನ್ನು ಮೊಮ್ಮಗಳಿಗೆ ಕುಡಿಸಿದರು. ಆಮೇಲೆ ಅಗಸೆ, ಹೊಳೆಯ ಹಾದಿ, ಹನುಮಪ್ಪನ ಗುಡಿ ಎಲ್ಲಿದ್ದವೆಂದು ಅವಳಿಗೆ ಹೇಳತೊಡಗಿದರು. ಇಷ್ಟು ವರ್ಷಗಳಲ್ಲಿ ಆ ಊರಿನ ಮಾತನ್ನು ಅವರಾಗಿಯೇ ಎತ್ತಿದ್ದು ಅದೇ ಮೊದಲು.

ಹೋಗುವವರಿಗೆ ನಾಲ್ಕು ಮಾತು

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮಳೆಗಾಲದಲ್ಲಿ ಈ ಘಾಟುಗಳಿಗೆ ಸೈಕಲ್ಲು ಒಯ್ಯಕೂಡದು. ಹೊರಡುವ ಮುನ್ನ ಬ್ರೇಕಿನ ರಬ್ಬರನ್ನು ಹೊಸದಾಗಿ ಹಾಕಿಸಿರಿ. ಒಂದು ಹೆಚ್ಚಿನ ಟ್ಯೂಬು, ಪಂಕ್ಚರಿನ ಸಾಮಾನು, ಗಾಳಿಪಂಪು, ಎರಡು ಲೀಟರು ನೀರು ಜೊತೆಗಿರಲಿ. ತಲೆಗೆ ಹೆಲ್ಮೆಟು ತಪ್ಪದಿರಲಿ. ಒಬ್ಬರೇ ಹೋಗುವುದಾದರೆ ದಿನದಿನದ ತಂಗುದಾಣವನ್ನು ಮನೆಯಲ್ಲಿ ಬರೆದಿಟ್ಟು ಹೋಗಿರಿ. ಮೊದಲ ಸಲವೇ ಘಟ್ಟಕ್ಕೆ ಹೋಗದೆ, ಎರಡು ತಿಂಗಳು ಭಾನುವಾರಗಳಂದು ಯೇವೂರಿನ ಏರನ್ನೋ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಾನ್ಹೇರಿ ಗುಹೆಗಳ ದಾರಿಯನ್ನೋ ತುಳಿದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಸೈಕಲ್ಲು ಹತ್ತಲಾರದವರು ಬಸ್ಸಿನಲ್ಲಾದರೂ ಹಗಲು ಹೊತ್ತಿನಲ್ಲಿ, ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿಕೊಂಡು ಹೋಗಿ ಬರಲಿ. ಊರು ಎಲ್ಲಿದೆ ಎಂದು ಮಕ್ಕಳು ಕೇಳಿದಾಗ ಕೆಲವರಿಗೆ ತೋರಿಸಲು ಮನೆಯಿದೆ, ಕೆಲವರಿಗೆ ಇಲ್ಲ. ಹೊಳೆಯನ್ನಂತೂ ಎಲ್ಲರೂ ತೋರಿಸಬಹುದು.